ಮಳೆಗಾಲದಲ್ಲಿ ನಿಮ್ಮ ದೋಣಿ ಎಲ್ಲಿರುತ್ತದೆ? ವಿಹಾರದೋಣಿಯ ವಿಮೆ ಮತ್ತು ಅದರ ಖರ್ಚು

ದೋಣಿಗೆ ಇನ್ಶೂರೆನ್ಸ್ ಮಾಡಿಸಲು ಎಷ್ಟಾಗುತ್ತದೆ ಎಂದು ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಕೇಳುವುದು ಒಂದೇ ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ದೋಣಿ ಎಲ್ಲಿರುತ್ತದೆ? ಉದ್ದ ಎಷ್ಟು, ಇಂಜಿನ್ ಯಾವ ಕಂಪನಿಯದು, ಕೊಂಡದ್ದು ಎಷ್ಟಕ್ಕೆ, ಇದೆಲ್ಲ ಆಮೇಲೆ. ನೇತ್ರಾವತಿಯ ಒಳಗೆ ಯಾರದ್ದೋ ತೆಂಗಿನ ತೋಟದ ಬದಿಗೆ ಕಟ್ಟಿರುತ್ತೀರೋ, ಕೋಡಿ ಬೆಂಗ್ರೆಯಲ್ಲಿ ದಡಕ್ಕೆಳೆದು ಮಾಡಿನಡಿ ಇಟ್ಟಿರುತ್ತೀರೋ, ಮಲ್ಪೆ ಬಂದರಿನಲ್ಲಿ ಟ್ರಾಲ್‌ಬೋಟುಗಳ ಸಂದಿಯಲ್ಲಿ ತೇಲಲು ಬಿಟ್ಟಿರುತ್ತೀರೋ, ಪಾಲಿಸಿ ಬರೆಯುವವನು ಮೊದಲು ನೋಡುವುದು ಅದನ್ನೇ. ಇವತ್ತು ಇಲ್ಲಿ ಕೂತವರಲ್ಲಿ ಹೋಂಸ್ಟೇ ನಡೆಸುವವರಿದ್ದೀರಿ, ವಾರದ ಕೊನೆಗೆ ಗಾಳ ಹಾಕಲು ಹೋಗುವವರಿದ್ದೀರಿ, ಹೊಸದಾಗಿ ದೋಣಿ ಕೊಳ್ಳುವ ಯೋಚನೆಯಲ್ಲಿರುವವರೂ ಇದ್ದೀರಿ. ಎಲ್ಲರಿಗೂ ಪ್ರಶ್ನೆ ಅದೇ.

ಕಾರಿನ ವಿಮೆ ನಮಗೆ ಒಂದು ಅಭ್ಯಾಸ ಹಿಡಿಸಿಬಿಟ್ಟಿದೆ. ಕಾರಿಗೆ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. ಇಂಜಿನ್ ಸಿ.ಸಿ. ಹೇಳಿದರೆ ಸಾಕು, ಕದ್ರಿಯಲ್ಲಿ ಕೇಳಿದರೂ ಕುಂದಾಪುರದಲ್ಲಿ ಕೇಳಿದರೂ ಮೊತ್ತ ಒಂದೇ. ವಿಹಾರದ ದೋಣಿಗೆ ಅಂಥ ದರಪಟ್ಟಿ ಇಲ್ಲ. ಒಂದೊಂದು ಕಂಪನಿ ತನ್ನ ಲೆಕ್ಕ ತಾನೇ ಹಾಕುತ್ತದೆ. ಒಂದೇ ಅಚ್ಚಿನಲ್ಲಿ ಮಾಡಿದ ಎರಡು ಫೈಬರ್ ದೋಣಿಗಳಿಗೆ, ಮಾಲೀಕರು ಬೇರೆ, ಕಟ್ಟುವ ಜಾಗ ಬೇರೆ ಎಂಬ ಕಾರಣಕ್ಕೆ, ಬೇರೆ ಬೇರೆ ಪ್ರೀಮಿಯಂ ಬಂದದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ಮೋಸ ಏನೂ ಇರಲಿಲ್ಲ.

ಆದರೂ ಒಂದು ಅಂದಾಜು ಬೇಕಲ್ಲ. ಯಾಟ್‌ಗಳು, ಅಂದರೆ ವಿಹಾರದ ದೋಣಿಗಳು, ಜಾಸ್ತಿ ಇರುವ ದೇಶಗಳಲ್ಲಿ ದೋಣಿಯ ಬೆಲೆಯ ಶೇ 1ರಿಂದ 2ರಷ್ಟು ಎಂಬ ಮಾತು ಚಾಲ್ತಿಯಲ್ಲಿದೆ. ಲೆಕ್ಕಕ್ಕೆಂದು ಶೇ 1.5 ಹಿಡಿಯೋಣ. 20 ಲಕ್ಷ ರೂಪಾಯಿಯ ದೋಣಿಗೆ 30,000 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 5,400. ಒಟ್ಟು 35,400. ವೇಗದ ದೋಣಿಯಾದರೆ, ಹಳೆಯದಾದರೆ, ಬಾಡಿಗೆಗೆ ಓಡಿಸುವುದಾದರೆ ಈ ಶೇಕಡಾ ಲೆಕ್ಕ ಮೇಲೇರುತ್ತದೆ. ಇನ್ನು ತೀರಾ ಸಣ್ಣ ದೋಣಿಗೆ ಶೇಕಡಾ ಲೆಕ್ಕವೇ ನಡೆಯುವುದಿಲ್ಲ. 3 ಲಕ್ಷದ ದೋಣಿಯಾದರೂ ಕಂಪನಿಯವರು ಫೈಲು ತೆರೆಯಬೇಕು, ದೋಣಿ ಪರೀಕ್ಷಿಸುವ ಸರ್ವೇಯರ್‌ನನ್ನು ಕಳಿಸಬೇಕು, ಕಾಗದಪತ್ರ ಓದಬೇಕು. ಇಷ್ಟಕ್ಕಿಂತ ಕಡಿಮೆಗೆ ಪಾಲಿಸಿ ಕೊಡುವುದಿಲ್ಲ ಎಂಬ ಒಂದು ತಳಮೊತ್ತ ಅವರಲ್ಲಿ ಇರುತ್ತದೆ. ನಮ್ಮ ಕರಾವಳಿಯಲ್ಲಿ ವಿಹಾರಕ್ಕೆಂದೇ ಇರುವ ದೋಣಿಗಳು ಕಡಿಮೆ, ಅದರಲ್ಲಿ ವಿಮೆ ಮಾಡಿಸುವವರು ಇನ್ನೂ ಕಡಿಮೆ. ಒಬ್ಬನ ನಷ್ಟವನ್ನು ಹತ್ತು ಜನ ಹಂಚಿಕೊಂಡರೆ ತಲೆಗೆ ಬೀಳುವ ಪಾಲು ದೊಡ್ಡದು, ಸಾವಿರ ಜನ ಹಂಚಿಕೊಂಡರೆ ಸಣ್ಣದು. ದರ ದುಬಾರಿ ಎಂದು ದೂರುವವರಿಗೆ ನಾನು ಹೇಳುವುದು ಇದನ್ನೇ: ಹೆಚ್ಚು ದೋಣಿಗಳು ಒಳಗೆ ಬರುವವರೆಗೆ ಅದು ಇಳಿಯುವುದು ಕಷ್ಟ.

ಈಗ ಮಳೆಗಾಲಕ್ಕೆ ಬರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು ನಿಮಗೆಲ್ಲ ಗೊತ್ತು. ಮೀನಿನ ಸಂತಾನ ಉಳಿಯಲಿ ಎಂದು ಮಾಡಿದ ಕಾನೂನಾದರೂ ಅದರಿಂದ ಬೋಟುಗಳೂ ಉಳಿಯುತ್ತವೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಪ್ರವಾಸಿ ದೋಣಿ ಬಿಡುವುದಿಲ್ಲ. ನಮ್ಮ ಮೊಗವೀರರು ನೂಲಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಹೋಗಿ ನೋಡಿ ಒಮ್ಮೆ, ಆ ಭಕ್ತಿಯ ಹಿಂದೆ ಈ ಕಡಲಿನ ಬಗ್ಗೆ ತಲೆಮಾರುಗಳ ತಿಳಿವಳಿಕೆ ಉಂಟು. ಸ್ವಂತ ಖುಷಿಗೆ ದೋಣಿ ಇಟ್ಟುಕೊಂಡ ನಮ್ಮಂಥವರಿಗೆ ಆ ತಿಳಿವಳಿಕೆ ಹುಟ್ಟಿನಿಂದ ಬಂದಿರುವುದಿಲ್ಲ. ಹಾಗಾಗಿ ಪಾಲಿಸಿಯ ಷರತ್ತೇ ಅದನ್ನು ನಮಗೆ ಹೇಳಿಕೊಡಬೇಕಾಗುತ್ತದೆ.

ಮಳೆಗಾಲದಲ್ಲಿ ದೋಣಿ ಹಾಳಾಗುವುದು ತೂಫಾನಿನಿಂದ ಎಂದೇ ಹೆಚ್ಚಿನವರ ಎಣಿಕೆ. ನಾನು ಸರ್ವೆಗೆ ಹೋದ ಎಷ್ಟೋ ಕಡೆ ಕಾರಣ ಬರೀ ಮಳೆ. ಆರು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರೆದ ಫೈಬರ್ ದೋಣಿ ಎಂದಿಟ್ಟುಕೊಳ್ಳಿ. ಮಂಗಳೂರಿಗೆ ವರ್ಷದಲ್ಲಿ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಜುಲೈಯಲ್ಲಿ ಒಂದೇ ದಿನ 100 ಮಿ.ಮೀ. ಸುರಿಯುವುದು ನಮಗೆ ಹೊಸತಲ್ಲ. 12 ಚದರ ಮೀಟರ್ ಜಾಗಕ್ಕೆ 100 ಮಿ.ಮೀ. ಎಂದರೆ 1,200 ಲೀಟರ್. ಮೂತಿ ಚೂಪಾಗಿರುವುದರಿಂದ ಸ್ವಲ್ಪ ಕಳೆಯಿರಿ, ಆದರೂ ಹತ್ತಿರ ಹತ್ತಿರ ಒಂದು ಟನ್ ನೀರು, ಒಂದು ದಿನಕ್ಕೆ. ಮೊದಲ ದಿನ ಬಿಲ್ಜ್ ಪಂಪ್ ಅದನ್ನು ಹೊರಗೆ ಎತ್ತಿಹಾಕುತ್ತದೆ. ಮೋಡ ಕವಿದೇ ಇರುವಾಗ ಸೋಲಾರ್ ಚಾರ್ಜ್ ಆಗುವುದಿಲ್ಲ, ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಬ್ಯಾಟರಿ ಸಾಯುತ್ತದೆ. ನೀರೆಲ್ಲ ಹಿಂಬದಿಗೆ ಹರಿಯುತ್ತದೆ, ಯಾಕೆಂದರೆ ಔಟ್‌ಬೋರ್ಡ್, ಅಂದರೆ ದೋಣಿಯ ಹೊರಗೆ ಹಿಂದಿನ ಹಲಗೆಗೆ ಬಿಗಿದ ಇಂಜಿನಿನ ಭಾರ ಇರುವುದು ಅಲ್ಲೇ. ಹಿಂದಿನ ಹಲಗೆ ಹೊಳೆಯ ಮಟ್ಟಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಒಂದು ಬೋಟು ಹಾದುಹೋದರೆ ಅದರ ಅಲೆ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಬಂದು ನೋಡಿದರೆ ನೀರಿನ ಮೇಲೆ ಕಾಣುವುದು ಹಗ್ಗ ಮಾತ್ರ.

ಈ ನಷ್ಟಕ್ಕೆ ಪರಿಹಾರ ಸಿಗುತ್ತದೋ? ಜಗಳ ಹುಟ್ಟುವುದೇ ಇಲ್ಲಿ. ನಮ್ಮ 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ ಸಮುದ್ರದ ಅಪಾಯ ಎಂದರೆ ಆಕಸ್ಮಿಕವಾಗಿ ಆದದ್ದು. ಗಾಳಿ, ಅಲೆಗಳ ಮಾಮೂಲಿ ವರ್ತನೆ ಅದರಲ್ಲಿ ಸೇರುವುದಿಲ್ಲ. ಸವಕಳಿ, ಮಾಮೂಲಿ ಸೋರಿಕೆ, ಇಲಿ-ಹುಳಗಳ ಹಾವಳಿಯನ್ನು 55ನೇ ಸೆಕ್ಷನ್ ಹೊರಗಿಟ್ಟಿದೆ. ಪಾಲಿಸಿಯಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅದು ಒಳಗೆ ಬರುತ್ತದೆ. ಮರದ ದೋಣಿ ಇರುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳ ತಿಂದು ಹಲಗೆ ಟೊಳ್ಳಾದರೆ ಅದಕ್ಕೆ ಕಂಪನಿ ದುಡ್ಡು ಕೊಡುವುದಿಲ್ಲ. ಜುಲೈಯಲ್ಲಿ ಮಳೆ ಬಂದದ್ದು ಆಕಸ್ಮಿಕ ಎಂದು ಕರಾವಳಿಯವನು ವಾದಿಸಿದರೆ ಯಾರು ಒಪ್ಪುತ್ತಾರೆ ಹೇಳಿ? ದೋಣಿ ನೋಡಿಕೊಳ್ಳಲು ಜನ ಇದ್ದರು, ಟಾರ್ಪಾಲು ಹೊದಿಸಿತ್ತು, ಪಂಪು ಹಿಂದಿನ ದಿನವೂ ಓಡಿತ್ತು ಎಂದು ತೋರಿಸಲು ಆದವರ ಮಾತಿಗೆ ತೂಕ ಇರುತ್ತದೆ. ಫೋನಿನಲ್ಲಿ ತೆಗೆದ ದಿನಾಂಕ ಇರುವ ಫೋಟೊ ಸಾಕು. ಯಾರೂ ತೆಗೆದಿರುವುದಿಲ್ಲ, ಅದೇ ಬೇಸರ.

ಇದಕ್ಕೆ ಒಂದು ಒಳ್ಳೆಯ ದಾರಿ ಉಂಟು. ವಿಹಾರದೋಣಿಯ ಪಾಲಿಸಿಯಲ್ಲಿ ವರ್ಷವನ್ನು ಎರಡು ಭಾಗ ಮಾಡಬಹುದು: ದೋಣಿ ಓಡುವ ತಿಂಗಳುಗಳು, ದೋಣಿ ಎತ್ತಿಟ್ಟ ತಿಂಗಳುಗಳು. ಮೇ ಕೊನೆಗೆ ದೋಣಿಯನ್ನು ಟ್ರೇಲರಿನ ಮೇಲೆ ಎಳೆದು, ಕೆಳಗಿನ ಬಿರಡೆ ತೆಗೆದು, ಇಂಜಿನ್ ಬಿಚ್ಚಿ ಒಳಗಿಟ್ಟು, ನಾಲ್ಕು ತಿಂಗಳು ದಡದಲ್ಲೇ ಇರುತ್ತದೆ ಎಂದು ಬರೆದುಕೊಟ್ಟರೆ ಪ್ರೀಮಿಯಂ ಇಳಿಸಲು ಅವಕಾಶ ಇದೆ. ನಮ್ಮ ಊರಿಗೆ ಇದಕ್ಕಿಂತ ಸರಿಹೊಂದುವ ಏರ್ಪಾಡು ಇನ್ನೊಂದಿಲ್ಲ. ಹೇಗೂ ಆ ನಾಲ್ಕು ತಿಂಗಳು ಅಳಿವೆ ದಾಟಲು ಆಗುವುದಿಲ್ಲ. ಆದರೆ ಬರೆದುಕೊಟ್ಟ ಮೇಲೆ ಅದನ್ನು ಪಾಲಿಸಬೇಕು. ನನಗೆ ಗೊತ್ತಿರುವ ಒಬ್ಬರು ಆಗಸ್ಟಿನಲ್ಲಿ ಮಳೆ ಬಿಟ್ಟು ಬಿಸಿಲು ಬಂತೆಂದು, ಮುಂಬೈಯಿಂದ ಬಂದ ನೆಂಟರನ್ನು ಕೂರಿಸಿಕೊಂಡು ಹೊಳೆಗೆ ಇಳಿದರು. ನೆರೆಗೆ ತೇಲಿಬಂದ ಮರದ ದಿಮ್ಮಿ ಇಂಜಿನಿನ ಕಾಲಿಗೆ ಬಡಿಯಿತು. ಜನರಿಗೆ ಏನೂ ಆಗಲಿಲ್ಲ, ದೇವರ ದಯೆ. ಇಂಜಿನ್ ಹೋಯಿತು, ಪರಿಹಾರವೂ ಹೋಯಿತು. ಪಾಲಿಸಿಯಲ್ಲಿ ವಾರಂಟಿ ಎಂದು ಬರೆದ ಷರತ್ತನ್ನು ಅಕ್ಷರಶಃ ಪಾಲಿಸಬೇಕು ಎಂದು ಕಾಯ್ದೆಯ 35ನೇ ಸೆಕ್ಷನ್ ಹೇಳುತ್ತದೆ. ಅದು ಮುಖ್ಯವಾದ ಷರತ್ತೋ ಅಲ್ಲವೋ ಎಂಬ ಚರ್ಚೆಗೂ ಅಲ್ಲಿ ಜಾಗ ಇಲ್ಲ. ಅವರು ನನ್ನ ಮೇಲೆ ಸಿಟ್ಟು ಮಾಡಿಕೊಂಡರು. ನನಗೆ ಅವರ ಬಗ್ಗೆ ಇಂದಿಗೂ ಕನಿಕರವೇ.

ಪಾಲಿಸಿಯ ಷರತ್ತುಗಳನ್ನು ಓದಿ ಎಂದು ಎಲ್ಲರೂ ಹೇಳುತ್ತಾರೆ, ಏನು ಓದಬೇಕೆಂದು ಹೇಳುವವರು ಕಡಿಮೆ. ಲಂಡನ್ನಿನಲ್ಲಿ ರೂಪುಗೊಂಡ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಜಸ್ ಎಂಬ ಷರತ್ತುಪಟ್ಟಿ ಒಂದಿದೆ, 1985ರ ನವೆಂಬರ್ 1ರದ್ದು. ನಮ್ಮ ದೇಶದ ಪಾಲಿಸಿಗೂ ಅದನ್ನು ಲಗತ್ತಿಸುವ ರೂಢಿ ಉಂಟು. ಅದರಲ್ಲಿ ದೋಣಿಯ ವೇಗ 17 ನಾಟ್ ಮೀರಬಾರದು ಎಂದಿದೆ. ಗಂಟೆಗೆ ಸುಮಾರು 31 ಕಿಲೋಮೀಟರ್. ಈಗಿನ ಔಟ್‌ಬೋರ್ಡ್ ಹಾಕಿದ ಫೈಬರ್ ದೋಣಿಗಳು ಅದನ್ನು ಸಲೀಸಾಗಿ ದಾಟುತ್ತವೆ. ನೀವು ಆ ವೇಗದಲ್ಲಿ ಓಡಿಸುತ್ತೀರೋ ಇಲ್ಲವೋ ಎಂಬುದನ್ನು ಅವರು ಕೇಳುವುದಿಲ್ಲ. ಆ ವೇಗ ಮುಟ್ಟುವಂತೆ ದೋಣಿಯನ್ನು ಕಟ್ಟಿದ್ದರೆ ಸಾಕು, ಸ್ಪೀಡ್‌ಬೋಟ್ ಎಂಬ ಬೇರೆ ಕಲಮಿಗೆ ಹೋಗಬೇಕು. ಅಲ್ಲಿ ಒಂದು ಸಾಲು ಇದೆ, ನಮ್ಮ ಕರಾವಳಿಗೆಂದೇ ಬರೆದ ಹಾಗೆ: ತೆರೆದ ಬೀಚಿನ ಎದುರು ಜನರಿಲ್ಲದೆ ಲಂಗರು ಹಾಕಿ ಬಿಟ್ಟ ದೋಣಿ ಮುಳುಗಿದರೆ, ಹಗ್ಗ ಕಿತ್ತು ಹೋದರೆ, ದಡಕ್ಕೆ ಬಡಿದರೆ ಪರಿಹಾರ ಇಲ್ಲ. ಪಣಂಬೂರು, ತಣ್ಣೀರುಬಾವಿ, ಮಲ್ಪೆ, ಸಸಿಹಿತ್ಲು ಎಲ್ಲವೂ ತೆರೆದ ಬೀಚುಗಳೇ. ಮಧ್ಯಾಹ್ನ ಊಟಕ್ಕೆಂದು ದಡಕ್ಕೆ ಬಂದು ದೋಣಿಯನ್ನು ಹೊರಗೆ ಲಂಗರಿನಲ್ಲಿ ಬಿಟ್ಟಿರುತ್ತೀರಲ್ಲ, ಆ ಒಂದು ಗಂಟೆ ನಿಮ್ಮ ದೋಣಿಗೆ ವಿಮೆಯೇ ಇಲ್ಲ ಎಂದು ತಿಳಿಯಿರಿ. ಒಬ್ಬನನ್ನು ದೋಣಿಯಲ್ಲಿ ಕೂರಿಸಿ ಬನ್ನಿ.

ಔಟ್‌ಬೋರ್ಡ್ ಇಂಜಿನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಣ್ಣ ದೋಣಿಯಲ್ಲಿ ದುಬಾರಿ ವಸ್ತು ಅದೇ, ಕಳ್ಳರಿಗೂ ಬೇಕಾದ್ದು ಅದೇ. ಸಣ್ಣ ಇಂಜಿನುಗಳನ್ನು ಹಿಂದಿನ ಹಲಗೆಗೆ ಎರಡು ತಿರುಪುಗಳಲ್ಲಿ ಬಿಗಿದಿರುತ್ತಾರೆ, ಕೈಯಲ್ಲೇ ತಿರುಗಿಸುವಂಥವು. ಓಡುವಾಗಿನ ನಡುಕಕ್ಕೆ ಅವು ದಿನಕ್ಕೆ ಕೂದಲೆಳೆಯಷ್ಟು ಸಡಿಲವಾಗುತ್ತಾ ಬರುತ್ತವೆ. ಒಂದು ದಿನ ಜೋರಾಗಿ ತಿರುಗಿಸಿದಾಗ ಇಂಜಿನ್ ಕಳಚಿ ನೀರಿಗೆ. ಹೀಗೆ ಕಳಚಿ ಬಿದ್ದದ್ದಕ್ಕೆ ಪರಿಹಾರ ಇಲ್ಲ ಎಂದು ಆ ಷರತ್ತುಪಟ್ಟಿ ನೇರವಾಗಿ ಹೇಳುತ್ತದೆ. ಬೀಗ ಹಾಕದ ಇಂಜಿನನ್ನು ಕದ್ದರೂ ಇಲ್ಲ. ಕಳ್ಳರು ಬಿಚ್ಚದಂಥ ಸಾಧನ ಇರಬೇಕು. ಕಂಪನಿಯವರು ಔಟ್‌ಬೋರ್ಡಿಗೆ ಕೊಡುವ ಮೊತ್ತದಲ್ಲಿ ಮೂರನೇ ಒಂದರಷ್ಟು ಹಳತಾದದ್ದರ ಲೆಕ್ಕಕ್ಕೆ ಕಳೆಯಲೂಬಹುದು. ಹಲಗೆಯನ್ನು ಕೊರೆದು ಬೋಲ್ಟ್ ಹಾಕಿಸಿ, ಇಂಜಿನಿಗೂ ದೋಣಿಗೂ ಒಂದು ಸ್ಟೀಲ್ ಸರಪಳಿ ಬಿಗಿಯಿರಿ, ಒಳ್ಳೆಯ ಬೀಗ ಹಾಕಿ. ಬಂದರಿನ ಹತ್ತಿರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇಷ್ಟು ಸಾಮಾನು ಸಿಗುತ್ತದೆ.

ಹೋಂಸ್ಟೇಯವರು ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಸ್ವಂತ ವಿಹಾರಕ್ಕೆಂದು ಮಾಡಿಸಿದ ಪಾಲಿಸಿ, ಅತಿಥಿಗಳಿಂದ ದುಡ್ಡು ತೆಗೆದುಕೊಂಡು ದೋಣಿ ಬಿಟ್ಟ ಕ್ಷಣಕ್ಕೆ ನಿಮ್ಮ ಕೈಬಿಡುತ್ತದೆ. ‘ದೋಣಿಗೆ ಬೇರೆ ಚಾರ್ಜ್ ಇಲ್ಲ, ರೂಮಿನ ಬಾಡಿಗೆಯಲ್ಲೇ ಸೇರಿದೆ’ ಎಂಬ ಉತ್ತರ ನಿಲ್ಲುವುದಿಲ್ಲ. ದೋಣಿಯ ಹಿಂದೆ ಹಗ್ಗ ಕಟ್ಟಿ ಜನರನ್ನು ಎಳೆಯುವ ಆಟಗಳೂ ಸಾಮಾನ್ಯ ಪಾಲಿಸಿಯಲ್ಲಿ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದೋಣಿ ಮಗುಚಿ 22 ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಪ್ರವಾಸಿಗರಿಗೆ ಬಿಟ್ಟದ್ದು. ತಾನೂರು ನಮಗೇನು ದೂರವಲ್ಲ, ಹೊಳೆಯೂ ನಮ್ಮ ಹೊಳೆಯಂಥದ್ದೇ. ದೋಣಿಯ ಮೂಲ ಯಾವುದು, ಮೇಲೆ ಇನ್ನೊಂದು ಅಂತಸ್ತು ಕಟ್ಟಿದ್ದೀರಾ, ಎಷ್ಟು ಜನರನ್ನು ಕೂರಿಸುತ್ತೀರಿ, ಯಾರು ಓಡಿಸುತ್ತಾರೆ ಎಂಬುದನ್ನು ಕಂಪನಿ ಕೇಳದಿದ್ದರೂ ನೀವೇ ಹೇಳಬೇಕು. ವಿಮೆಯ ಕರಾರು ಪರಮ ಸದ್ಭಾವನೆಯದ್ದು, ಗೊತ್ತಿದ್ದ ಮುಖ್ಯ ವಿಷಯ ಮುಚ್ಚಿಟ್ಟರೆ ಪಾಲಿಸಿಯನ್ನೇ ರದ್ದು ಮಾಡಬಹುದು. ನಿಜ ಹೇಳಿದರೆ ಪ್ರೀಮಿಯಂ ಏರುತ್ತದೆ, ಹೌದು. ಏರಲಿ. ನಿಮ್ಮನ್ನು ನಂಬಿ ಹತ್ತಿ ಕೂತವರ ಲೆಕ್ಕ ಅದು.

ಇಲ್ಲಿಗೆ ನಾನು ಹೇಳಬೇಕೆಂದುಕೊಂಡ ಮುಖ್ಯ ಮಾತಿಗೆ ಬಂದೆವು. ಹೆಚ್ಚಿನವರು ಪ್ರೀಮಿಯಂ ಕೊಡುವುದು ದೋಣಿಯನ್ನು ನೆನೆಸಿಕೊಂಡು: ಗೀರು ಬಿದ್ದರೆ, ಇಂಜಿನ್ ಕೆಟ್ಟರೆ, ಮುಳುಗಿದರೆ ಎಂದು. ದೋಣಿ ಪೂರ್ತಿ ಹೋದರೂ ನಷ್ಟಕ್ಕೆ ಒಂದು ಮಿತಿ ಉಂಟು, ಅದರ ಬೆಲೆ. ದೋಣಿಯಿಂದ ಇನ್ನೊಬ್ಬರಿಗೆ ಆಗುವ ಹಾನಿಗೆ ಮಿತಿಯೇ ಇಲ್ಲ. ಪ್ರೊಪೆಲ್ಲರ್ ಒಬ್ಬ ಈಜುಗಾರನ ಕಾಲಿಗೆ ತಾಗಿತು ಎಂದುಕೊಳ್ಳಿ. ಸಂಜೆ ಕತ್ತಲಲ್ಲಿ ಬರುವಾಗ ಮೀನುಗಾರರ ಬಲೆಯ ಮೇಲೆ ಹಾಯ್ದಿರಿ ಎಂದುಕೊಳ್ಳಿ. ದೊಡ್ಡ ಬಲೆಗೆ ಲಕ್ಷಗಟ್ಟಲೆ ಬೀಳುತ್ತದೆ, ಅದು ಹರಿದರೆ ಆ ಕುಟುಂಬಗಳ ದುಡಿಮೆ ನಿಂತಿತು. ನೀವು ಸಂಬಳ ಕೊಟ್ಟು ಇಟ್ಟುಕೊಂಡ ಚಾಲಕನಿಗೆ ಪೆಟ್ಟಾದರೆ ಅದರ ಹೊಣೆ ಮಾಲೀಕನದ್ದೇ. ದೋಣಿ ಹಳೆ ಬಂದರಿನ ಅಳಿವೆಬಾಗಿಲಿನಲ್ಲಿ ಮುಳುಗಿ ಬೋಟುಗಳ ದಾರಿಗೆ ಅಡ್ಡವಾದರೆ ಎತ್ತಿಸುವ ಖರ್ಚೂ ನಿಮ್ಮ ತಲೆಗೆ. ಮುಳುಗುಗಾರರು, ಕ್ರೇನು, ಬಾರ್ಜು ಎಲ್ಲ ಸೇರಿದರೆ ದೋಣಿಯ ಬೆಲೆಯನ್ನೂ ಮೀರಬಹುದು.

ದೊಡ್ಡ ಪ್ರಮಾಣದಲ್ಲಿ ಇದು ಹೇಗಿರುತ್ತದೆ ಎಂದು ನಾವು ಕಣ್ಣಾರೆ ಕಂಡಿದ್ದೇವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಕೋರಮಂಡಲ್ ಎಂಬ ಟಗ್ ಮೂಲ್ಕಿ ಕಡೆಯ ಬಂಡೆಗೆ ಸಿಕ್ಕಿಕೊಂಡು, ಅದರಲ್ಲಿದ್ದ 9 ಜನರನ್ನು ಕಾಪಾಡಬೇಕಾಯಿತು, ಹೆಲಿಕಾಪ್ಟರನ್ನೂ ತರಿಸಬೇಕಾಯಿತು. ಮರುವರ್ಷ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಕಾಯಿಲ್ ಹೊತ್ತುಕೊಂಡು ಉಳ್ಳಾಲದ ಎದುರು ಮುಳುಗಿತು. 15 ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಆದರೆ ಹಡಗಿನ ಎಣ್ಣೆ ಸೋರಿದರೆ ಮೀನುಗಾರಿಕೆಯ ಗತಿಯೇನು ಎಂಬ ಆತಂಕ ಇಡೀ ಕರಾವಳಿಯನ್ನು ಕಾಡಿತು. ನಿಮ್ಮ ದೋಣಿಯ ಟ್ಯಾಂಕಿನಲ್ಲಿ ಇರುವುದು ನೂರು ಲೀಟರ್ ಇರಬಹುದು. ಅದು ಕಾಂಡ್ಲಾವನದ ಬುಡದಲ್ಲಿ, ಮರುವಾಯಿ ಚಿಪ್ಪು ಹೆಕ್ಕುವ ಜಾಗದಲ್ಲಿ ಸೋರಿದರೆ ಅಲ್ಲಿಯವರಿಗೆ ಅದೂ ದೊಡ್ಡದೇ.

2022ರ ಜೂನ್‌ನಲ್ಲಿ ಜಾರಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಹೊಳೆಗಳಲ್ಲಿ ಓಡುವ ಯಾಂತ್ರಿಕ ದೋಣಿಗಳಿಗೆ ನೋಂದಣಿ, ಸರ್ವೆಯ ಜೊತೆಗೆ ವಿಮೆಯನ್ನೂ ಕೇಳುತ್ತದೆ. ಕಾನೂನು ಕೇಳುತ್ತದೆ ಎಂಬುದಕ್ಕಿಂತ ನ್ಯಾಯ ಕೇಳುತ್ತದೆ ಎಂದೇ ನನಗೆ ಅನ್ನಿಸುವುದು. ಆದ್ದರಿಂದ ನನ್ನ ಸಲಹೆ ಇಷ್ಟು: ಕೈಯಲ್ಲಿ ಇರುವ ದುಡ್ಡಿನಲ್ಲಿ ಮೊದಲು ಥರ್ಡ್ ಪಾರ್ಟಿ ಹೊಣೆಯ ಮೊತ್ತವನ್ನು ಸಾಧ್ಯವಾದಷ್ಟು ಹೆಚ್ಚಿಸಿಕೊಳ್ಳಿ. ಅವಶೇಷ ಎತ್ತುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ಬರೆಸಿಕೊಳ್ಳಿ. ಚಾಲಕನಿಗೆ ಪ್ರತ್ಯೇಕ ವಿಮೆ ಮಾಡಿಸಿ. ಆಮೇಲೆ ಉಳಿದದ್ದು ದೋಣಿಗೆ.

ದೋಣಿಯ ಸಣ್ಣಪುಟ್ಟ ರಿಪೇರಿಯನ್ನು ನೀವೇ ಹೊತ್ತುಕೊಳ್ಳಬಹುದು. ಪ್ರತಿ ಕ್ಲೈಮಿನಲ್ಲಿ ಮೊದಲ ಇಷ್ಟು ಮೊತ್ತ ನನ್ನದು ಎಂದು ಒಪ್ಪಿಕೊಳ್ಳುವ ಡಿಡಕ್ಟಿಬಲ್ ಇರುತ್ತದಲ್ಲ, ಅದನ್ನು 10,000ದಿಂದ 50,000ಕ್ಕೆ ಏರಿಸುತ್ತೇನೆ ಎಂದರೆ ಪ್ರೀಮಿಯಂ ಎಷ್ಟು ಇಳಿಯುತ್ತದೆ ಎಂದು ಕೇಳಿ. ಆ 50,000 ಎಲ್ಲಿಂದ ತರುವುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಉತ್ತರ ಉಂಟು. ಉಡುಪಿಯಲ್ಲಿ 1925ರಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ, ಏಜೆಂಟರೇ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನೇಕಾರರು, ಮೀನು ಮಾರುವ ಹೆಂಗಸರು ಹಾಗೆ ಕಟ್ಟಿ ಕಟ್ಟಿ ಸಂಸಾರ ಎತ್ತಿದ ಊರು ಇದು. ದಿನಕ್ಕೆ 140 ರೂಪಾಯಿ ಪಿಗ್ಮಿ ಕಟ್ಟಿದರೆ ವರ್ಷಕ್ಕೆ 51,100 ಆಗುತ್ತದೆ. ದೋಣಿಗೆ ಏನೂ ಆಗದಿದ್ದರೆ ಆ ದುಡ್ಡು ನಿಮ್ಮದೇ.

ಪ್ರೀಮಿಯಂ ಉಳಿಸಲು ಮಾಡಬಾರದ್ದು ಒಂದು ಉಂಟು: ದೋಣಿಯ ಬೆಲೆ ತಗ್ಗಿಸಿ ಬರೆಸುವುದು. 20 ಲಕ್ಷದ್ದಕ್ಕೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದರೆ, ಉಳಿದರ್ಧಕ್ಕೆ ನೀವೇ ವಿಮೆಗಾರರು ಎಂದು ಸಾಗರ ವಿಮಾ ಕಾಯ್ದೆ ಭಾವಿಸುತ್ತದೆ. ಆಗ 2 ಲಕ್ಷದ ರಿಪೇರಿಗೂ ಒಂದೇ ಲಕ್ಷ ಬರುತ್ತದೆ. ಇಬ್ಬರೂ ಒಪ್ಪಿದ ಬೆಲೆಯನ್ನು ಪಾಲಿಸಿಯಲ್ಲೇ ನಮೂದಿಸುವ ಕ್ರಮ ಇದೆ, ಅದನ್ನೇ ಕೇಳಿ ಪಡೆಯಿರಿ. ನಷ್ಟವಾದ ಮೇಲೆ ಮಾರುಕಟ್ಟೆ ಬೆಲೆ ಎಷ್ಟೆಂದು ತಗಾದೆ ಬೇಡ, ಯಾಕೆಂದರೆ ನಮ್ಮಲ್ಲಿ ಹಳೆ ವಿಹಾರದೋಣಿಗಳಿಗೆ ಮಾರುಕಟ್ಟೆ ಎಂಬುದೇ ಸರಿಯಾಗಿ ಇಲ್ಲ. ಚಾಲನೆ ಕಲಿತ ಪ್ರಮಾಣಪತ್ರ ಇದ್ದರೆ ಅದನ್ನೂ ಅರ್ಜಿಯ ಜೊತೆ ಇಡಿ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಪವರ್‌ಬೋಟ್ ತರಬೇತಿ ಕೊಡುತ್ತಾರೆ. ಲೈಫ್ ಜಾಕೆಟ್, ಬೆಂಕಿ ಆರಿಸುವ ಸಿಲಿಂಡರ್, ವಿಎಚ್‌ಎಫ್ ರೇಡಿಯೊ ಇವೆಲ್ಲ ಇರುವುದು ಸರ್ವೆಯ ವರದಿಯಲ್ಲಿ ಬರುವಂತೆ ನೋಡಿಕೊಳ್ಳಿ. ರಿನ್ಯೂವಲ್‌ಗೆ ಕೊನೆಯ ದಿನ ಕಾಯಬೇಡಿ. ಪ್ರೀಮಿಯಂ ಕೈಸೇರದೆ ಕಂಪನಿ ಅಪಾಯ ಹೊರುವಂತಿಲ್ಲ ಎಂದು ವಿಮಾ ಕಾಯ್ದೆಯೇ ಹೇಳುತ್ತದೆ, ‘ನಾಳೆ ಕೊಡುತ್ತೇನೆ’ ಎಂದು ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಹಿಂದೆ ಕೂತ ಒಬ್ಬರು ಕೇಳಿದರು, ದೋಣಿ ಮುಳುಗಿದ ಮೇಲೆ ಸರ್ವೇಯರ್ ಬರುವವರೆಗೆ ಮುಟ್ಟಬಾರದಾ ಎಂದು. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಇಂಜಿನುಗಳು ಹಾಳಾಗಿವೆ. ನಷ್ಟವನ್ನು ತಗ್ಗಿಸಲು ಆದದ್ದೆಲ್ಲ ಮಾಡುವುದು ಮಾಲೀಕನ ಕರ್ತವ್ಯ ಎಂದೇ ಸಾಗರ ವಿಮಾ ಕಾಯ್ದೆಯಲ್ಲಿ ಇದೆ. ಕಂಪನಿಗೆ ಆ ಕೂಡಲೇ ತಿಳಿಸಿ, ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ, ಆಮೇಲೆ ದೋಣಿ ಎತ್ತಿಸಿ. ಉಪ್ಪುನೀರು ಕುಡಿದ ಇಂಜಿನ್ ನೀರಿನೊಳಗೆ ಇರುವಾಗಿಗಿಂತ ಮೇಲೆ ಬಂದು ಗಾಳಿ ತಾಗಿದ ಮೇಲೆ ಬೇಗ ತುಕ್ಕು ಹಿಡಿಯುತ್ತದೆ. ಮೇಲೆ ಬಂದ ತಕ್ಷಣ ಸಿಹಿನೀರಿನಲ್ಲಿ ತೊಳೆಯಿರಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗಿನ ನೀರು ಬಸಿಯಿರಿ, ಸಿಲಿಂಡರಿಗೆ ಎಣ್ಣೆ ಹಾಕಿ, ಅದೇ ದಿನ ಮೆಕ್ಯಾನಿಕ್ಕಿನ ಕೈಗೆ ಮುಟ್ಟಿಸಿ. ಬಿಚ್ಚಿದ ಒಂದು ಭಾಗವನ್ನೂ ಎಸೆಯಬೇಡಿ, ಸರ್ವೇಯರಿಗೆ ಅದು ಬೇಕು. ಜೆಸಿಬಿಗೆ, ಹಗ್ಗಕ್ಕೆ, ಎಳೆಯಲು ಬಂದ ಹುಡುಗರಿಗೆ ಕೊಟ್ಟದ್ದನ್ನೆಲ್ಲ ಬರೆದಿಟ್ಟು ಸಹಿ ಹಾಕಿಸಿಕೊಳ್ಳಿ. ಆ ಖರ್ಚನ್ನು ನೀವು ಕ್ಲೈಮಿನಲ್ಲಿ ಕೇಳಬಹುದು.